ಬೀಡಿ ತರೋಕೆ ಮಗನನ್ನು ಕಳಿಸಬೇಡಿ: ನಮ್ಮ ಓಣಿಯ ಮಕ್ಕಳನ್ನು ತಂಬಾಕಿನಿಂದ ದೂರ ಇಡುವುದು ಹೇಗೆ

ನನಗೆ ಎಂಟು ವರ್ಷ ಇದ್ದಾಗ ಅಪ್ಪ ದಿನಾ ಸಂಜೆ ಕೈಗೆ ಚಿಲ್ಲರೆ ಕೊಟ್ಟು, "ಒಂದು ಕಟ್ಟು ಬೀಡಿ ತಗೊಂಡ್ ಬಾರಲೇ" ಅಂತ ಕಳಿಸುತ್ತಿದ್ದರು. ಅಪ್ಪ ಆಗ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಗೂಡಂಗಡಿಯವರು ಬೀಡಿ ಕಟ್ಟಿನ ಜೊತೆ ನನಗೊಂದು ಪೆಪ್ಪರ್‌ಮಿಂಟ್ ಕೊಡುತ್ತಿದ್ದರು, ಅದಕ್ಕೇ ನಾನು ಓಡಿ ಹೋಗುತ್ತಿದ್ದೆ. ಕೆಲವು ದಿನ ಅಪ್ಪ ಎದ್ದು ಒಳಗೆ ಹೋಗಲು ಆಗದಷ್ಟು ಸುಸ್ತಾಗಿ ಕೂತಿರುತ್ತಿದ್ದರು. ಆಗ "ಒಲೆಯಲ್ಲಿ ಹಚ್ಕೊಂಡ್ ಬಾ" ಅನ್ನುತ್ತಿದ್ದರು. ಬೀಡಿ ಹತ್ತಬೇಕಾದರೆ ಒಂದು ದಮ್ಮು ಎಳೆಯಲೇಬೇಕು. ನನ್ನ ಮೊದಲ ದಮ್ಮು ಅದು. ಕೆಟ್ಟ ಸಹವಾಸದಿಂದ ಬಂದದ್ದಲ್ಲ, ಅಪ್ಪನ ಮಾತು ಕೇಳಿದ್ದರಿಂದ ಬಂತು.

ಆಮೇಲೆ 17 ವರ್ಷ ಸೇದಿದೆ. ಬಿಟ್ಟು ಈಗ ಒಂಬತ್ತು ವರ್ಷ ಆಯಿತು. ಹಗಲು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ ಮಾಡುತ್ತೇನೆ, ಸಂಜೆ ಆರರಿಂದ ಎಂಟರ ತನಕ ಓಣಿಯ ಸಮುದಾಯ ಭವನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಂವರ್ಕ್ ಮಾಡಿಸುತ್ತೇನೆ. ಮಂಡಕ್ಕಿ ಭಟ್ಟಿಯವರ ಮಕ್ಕಳು, ಹಮಾಲರ ಮಕ್ಕಳು, ಬೀಡಿ ಕಟ್ಟುವ ಮನೆಯ ಮಕ್ಕಳು, ಗಾರೆ ಕೆಲಸದವರ ಮಕ್ಕಳು ಬರುತ್ತಾರೆ. ಇವರಲ್ಲಿ ಯಾರು ಯಾವಾಗ ಹೇಗೆ ಶುರು ಮಾಡಿದರು ಅಂತ ಹತ್ತಿರದಿಂದ ನೋಡಿದ್ದೇನೆ. ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ ಅಮ್ಮಂದಿರಿಗೆ, ಅಕ್ಕ ಅಣ್ಣಂದಿರಿಗೆ, ಮೇಷ್ಟ್ರುಗಳಿಗೆ, ಕೆಲಸಕ್ಕೆ ಹುಡುಗರನ್ನು ಇಟ್ಟುಕೊಂಡಿರುವ ಮೇಸ್ತ್ರಿಗಳಿಗೆ.

ಮೊದಲು ಅಂಗಡಿಯ ದಾರಿ ಬಂದ್ ಮಾಡಿ

ಇವತ್ತೇ ಮಾಡಬಹುದಾದ, ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು. ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ ಏನೇ ಇರಲಿ, ತರೋಕೆ ಮಕ್ಕಳನ್ನು ಕಳಿಸಬೇಡಿ. ನಿಮ್ಮ ಮಕ್ಕಳನ್ನೂ ಬೇಡ, ಪಕ್ಕದ ಮನೆಯವರ ಮಕ್ಕಳನ್ನೂ ಬೇಡ. ನೀವು ಬಿಡೋಕೆ ಆಗದಿದ್ದರೆ ನೀವೇ ಎದ್ದು ಹೋಗಿ ತನ್ನಿ.

ಯಾಕೆ ಅಂದರೆ, ಅಂಗಡಿಗೆ ಹೋಗಿ ಬರುವ ಮಗು ಮೂರು ವಿಷಯ ಕಲಿತುಬಿಡುತ್ತದೆ. ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ, ತನ್ನ ಕೈಗೆ ಕೊಡುತ್ತಾರೆ. ಈ ಮೂರನೆಯದೇ ಅಪಾಯ. ಎರಡು ವರ್ಷ ಅಪ್ಪನ ಹೆಸರು ಹೇಳಿ ತಂದವನು ಮೂರನೇ ವರ್ಷ ಅಪ್ಪನ ಹೆಸರು ಹೇಳಿಯೇ ತನಗೆ ತರುತ್ತಾನೆ, ಅಂಗಡಿಯವರಿಗೆ ಅನುಮಾನವೂ ಬರಲ್ಲ. ನಮ್ಮ ಟ್ಯೂಷನ್ನಿನ ಒಬ್ಬ ಹುಡುಗ ಹೀಗೇ ಮಾಡಿದ್ದ. ಅವನ ಅಪ್ಪನ ಉದ್ರಿ ಪುಸ್ತಕದಲ್ಲಿ ತಿಂಗಳ ಕೊನೆಗೆ ಲೆಕ್ಕ ಜಾಸ್ತಿ ಬಂದಾಗಲೇ ಮನೆಯವರಿಗೆ ಗೊತ್ತಾಗಿದ್ದು.

ಮನೆಯೊಳಗೂ ಇಂಥ ದಾರಿಗಳಿವೆ. ಅಜ್ಜಿಯ ಸಂಚಿ ಇರುತ್ತದಲ್ವಾ, ಹಲ್ಲಿಲ್ಲದ ಅಜ್ಜಿಗೆ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು ಕುಟ್ಟಿ ಕೊಡೋದು ಮೊಮ್ಮಗಳ ಕೆಲಸ. ಕುಟ್ಟಿ ಕೊಡುವವಳು ಒಂದು ಚೂರು ಬಾಯಿಗೆ ಹಾಕಿಕೊಳ್ಳದೆ ಇರುತ್ತಾಳಾ? ಹೆಣ್ಣುಮಕ್ಕಳ ವಿಷಯದಲ್ಲಿ ನಾವು ನೋಡುವುದೇ ಇಲ್ಲ, ಸಿಗರೇಟು ಹಿಡಿದ ಹುಡುಗನನ್ನು ಮಾತ್ರ ಹುಡುಕುತ್ತೇವೆ. ಅಜ್ಜಿಗೆ ಕುಟ್ಟಿ ಕೊಡೋದು ದೊಡ್ಡವರ ಕೆಲಸ ಆಗಲಿ, ಸಂಚಿ ಮೇಲಿನ ಗೂಡಿನಲ್ಲಿರಲಿ.

ಬೀಡಿ ಕಟ್ಟುವ ಮನೆಯ ತಾಯಂದಿರಿಗೆ ಒಂದು ಮಾತು. ನಿಮ್ಮ ಕೆಲಸ ಬಿಡಿ ಅಂತ ಹೇಳಲು ನಾನು ಯಾರೂ ಅಲ್ಲ, ಆ ದುಡ್ಡಿನಲ್ಲೇ ಒಲೆ ಉರಿಯುತ್ತದೆ ಅಂತ ಗೊತ್ತು. ಆದರೆ ತಂಬಾಕಿನ ಪುಡಿ ಮುಚ್ಚಳ ಇರುವ ಡಬ್ಬಿಯಲ್ಲಿರಲಿ. ಮೊರ ತೊಡೆಯ ಮೇಲಿರುವಾಗ ಕೂಸನ್ನು ಪಕ್ಕದಲ್ಲಿ ಮಲಗಿಸಬೇಡಿ, ಬಾಗಿಲ ಹತ್ತಿರ ಗಾಳಿ ಆಡುವ ಕಡೆ ಕೂತುಕೊಳ್ಳಿ. ಕೈ ಸೋಪು ಹಾಕಿ ತೊಳೆದ ಮೇಲೇ ಮಗುವಿಗೆ ಉಣಿಸಿ. ಮಕ್ಕಳಿಂದ ಎಲೆ ಕತ್ತರಿಸುವ, ದಾರ ಸುತ್ತುವ ಕೆಲಸ ಮಾಡಿಸಬೇಡಿ. ದಿನಾ ಆ ವಾಸನೆಯಲ್ಲಿ ಬೆಳೆದ ಮಗುವಿಗೆ ಬೀಡಿ ಅಂದರೆ ಹೆದರಬೇಕಾದ ವಸ್ತು ಅಂತ ಅನ್ನಿಸುವುದೇ ಇಲ್ಲ.

ಹತ್ತು ವರ್ಷಕ್ಕೆ ಮುಂಚೆ ಮಾತಾಡಿ

ಬಹಳ ಜನ ಪಿಯುಸಿಗೆ ಬಂದ ಮೇಲೆ ಬುದ್ಧಿ ಹೇಳಲು ಶುರು ಮಾಡುತ್ತಾರೆ. ಅಷ್ಟೊತ್ತಿಗೆ ತಡ ಆಗಿರುತ್ತದೆ. 2019ರಲ್ಲಿ ದೇಶದ ಶಾಲೆಗಳಲ್ಲಿ 13ರಿಂದ 15 ವರ್ಷದ ಮಕ್ಕಳ ದೊಡ್ಡ ಸಮೀಕ್ಷೆ ನಡೆಯಿತು. ನೂರರಲ್ಲಿ ಎಂಟೂವರೆ ಮಕ್ಕಳು ಆಗ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅಗಿಯುವ ತಂಬಾಕು ಮುಟ್ಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹತ್ತು ತುಂಬುವ ಮೊದಲೇ ಶುರು ಮಾಡಿದ್ದರು. ಬೀಡಿ ಶುರುವಾದದ್ದು ಹೆಚ್ಚುಕಡಿಮೆ ಹತ್ತೂವರೆ ವರ್ಷಕ್ಕೆ, ಸಿಗರೇಟು ಹನ್ನೊಂದೂವರೆಗೆ. ಕರ್ನಾಟಕದ ಲೆಕ್ಕ ದೇಶಕ್ಕಿಂತ ಎಷ್ಟೋ ಕಡಿಮೆ ಬಂತು, ಅದು ಸಂತೋಷದ ವಿಷಯ. ಆದರೆ ಅದು ಶಾಲೆಯಲ್ಲಿ ಕೂತಿದ್ದ ಮಕ್ಕಳ ಲೆಕ್ಕ. ಗ್ಯಾರೇಜಿನಲ್ಲಿ, ಸೆಂಟ್ರಿಂಗ್ ಕೆಲಸದಲ್ಲಿ, ಕಲ್ಯಾಣ ಮಂಟಪದಲ್ಲಿ ಬಡಿಸುವ ಕೆಲಸದಲ್ಲಿ ಇರುವ ನಮ್ಮ ಹುಡುಗರು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಹಾಗಾಗಿ ನಾಲ್ಕನೇ ಕ್ಲಾಸಿನಲ್ಲೇ ಮಾತು ಶುರುವಾಗಲಿ. ಮಾತು ಅಂದರೆ ಭಾಷಣ ಅಲ್ಲ. ಕ್ಯಾನ್ಸರ್ ಫೋಟೋ ತೋರಿಸಿ ಹೆದರಿಸುವುದನ್ನು ನಾನು ಮೊದಲ ಎರಡು ವರ್ಷ ಮಾಡಿದೆ, ಉಪಯೋಗ ಆಗಲಿಲ್ಲ. ಒಬ್ಬ ಹುಡುಗ ಎದ್ದು ನಿಂತು, "ಅಣ್ಣಾ, ನಮ್ಮ ತಾತ ಎಂಬತ್ತು ವರ್ಷ ಬೀಡಿ ಸೇದ್ಕೊಂಡೇ ಗಟ್ಟಿ ಇದಾರೆ" ಅಂದ. ಮಕ್ಕಳೆಲ್ಲ ನನ್ನ ಮುಖ ನೋಡಿದರು. ಹತ್ತು ವರ್ಷದವನಿಗೆ ಐವತ್ತನೇ ವರ್ಷದ ಕಾಯಿಲೆ ಕಣ್ಣಿಗೆ ಕಾಣಲ್ಲ. ಕಾಣುವುದನ್ನು ಹೇಳಬೇಕು.

ಈಗ ನಾನು ಹೇಳುವುದು ಇಷ್ಟು. ನಿಕೋಟಿನ್ ಅನ್ನೋದು ಹೊಗೆಯ ಜೊತೆ ಒಳಗೆ ಹೋಗಿ ಕೆಲವೇ ಸೆಕೆಂಡಿಗೆ ಮೆದುಳು ಮುಟ್ಟುತ್ತದೆ. ಮೆದುಳು ಇನ್ನೂ ಬೆಳೆಯುವ ವಯಸ್ಸು ನಿಮ್ಮದು, ಇಪ್ಪತ್ತು ದಾಟಿದರೂ ಅದು ಬೆಳೆಯುತ್ತಲೇ ಇರುತ್ತದೆ, ಅದಕ್ಕೇ ದೊಡ್ಡವರಿಗಿಂತ ಬೇಗ ಅಂಟಿಕೊಳ್ಳುತ್ತದೆ. ಹೈಸ್ಕೂಲ್ ಮೈದಾನದಲ್ಲಿ ಬೌಲಿಂಗ್ ಮಾಡುವಾಗ ನಾಲ್ಕನೇ ಓವರ್‌ಗೆ ಏದುಸಿರು ಬರುತ್ತದೆ. ಹಲ್ಲಿನ ಬಣ್ಣ ಹೋಗುತ್ತದೆ, ಬಾಯಿ ವಾಸನೆ ಬರುತ್ತದೆ. ಆಮೇಲೆ ದುಡ್ಡು. ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತೇನೆ: ಹತ್ತು ರೂಪಾಯಿಯ ಪ್ಯಾಕೆಟ್ ದಿನಕ್ಕೆ ಮೂರು ಅಂದರೆ 30, ತಿಂಗಳಿಗೆ 900, ವರ್ಷಕ್ಕೆ 10,950. ಈ ಲೆಕ್ಕ ಮಾಡಿದ ದಿನ ಮಕ್ಕಳು ಮನೆಗೆ ಹೋಗಿ ಅಪ್ಪನ ಮುಂದೆ ಅದನ್ನೇ ಮಾಡಿ ತೋರಿಸಿದ್ದಾರೆ. ಒಬ್ಬಳು ತಾಯಿ ಮರುದಿನ ಬಂದು, "ಹತ್ತು ಸಾವಿರಕ್ಕೆ ನಮ್ಮ ಪಾಪುಗೆ ಸೈಕಲ್ ಬರ್ತಿತ್ತಲ್ಲ ಅಣ್ಣಾ" ಅಂದರು.

ಇನ್ನೊಂದು, ಬೇಡ ಅನ್ನುವುದನ್ನು ಅಭ್ಯಾಸ ಮಾಡಿಸಿ. ಇದು ಆಟದ ಥರ. ಒಬ್ಬ ಪ್ಯಾಕೆಟ್ ಹಿಡಿದವನ ಪಾತ್ರ, ಒಬ್ಬ ಬೇಡ ಅನ್ನುವವನ ಪಾತ್ರ. ಪ್ಯಾಕೆಟ್ ಬದಲು ಚಾಕಲೇಟ್ ಕಾಗದ ಕೊಡಿ, ನಿಜವಾದದ್ದು ಬೇಡ. "ಇದು ಕೆಟ್ಟದ್ದು" ಅಂತ ಗೆಳೆಯನಿಗೆ ಯಾವ ಹುಡುಗನೂ ಹೇಳಲ್ಲ, ಹೇಳಿದರೆ ಗುಂಪಿನಿಂದ ಹೊರಗೆ ಹಾಕುತ್ತಾರೆ. ಬಾಯಿಗೆ ಬರುವಂಥ ಮಾತು ಬೇಕು. "ಬ್ಯಾಡಲೇ, ನಂಗೆ ವಾಂತಿ ಬರ್ತತಿ." "ನಮ್ಮವ್ವ ಬಾಯಿ ಮೂಸಿ ನೋಡ್ತಾಳೆ." "ನಾಳೆ ಮ್ಯಾಚ್ ಐತಿ." ಇವನ್ನು ಮಕ್ಕಳೇ ಕಟ್ಟಿದರು, ನಾನು ಕಲಿಸಿದ್ದಲ್ಲ. ಹೇಳಿ ಜಾಗ ಖಾಲಿ ಮಾಡುವುದನ್ನೂ ಅಭ್ಯಾಸ ಮಾಡಿಸಿ. ಅಲ್ಲೇ ನಿಂತರೆ ಮೂರನೇ ಸಲ ಬೇಡ ಅನ್ನೋದು ಕಷ್ಟ.

ಬಾಯಿಗೆ ಯಾಕೆ ಹಾಕುತ್ತಾರೆ ಅಂತ ಕೇಳಿ, ಬೈಯುವ ಮೊದಲು

ದೊಡ್ಡ ಊರಿನ ಪುಸ್ತಕಗಳಲ್ಲಿ ಸ್ಟೈಲ್‌ಗಾಗಿ, ಸಿನಿಮಾ ನೋಡಿ ಅಂತ ಬರೆದಿರುತ್ತಾರೆ. ಅದೂ ಇದೆ. ಆದರೆ ನಮ್ಮ ಓಣಿಯಲ್ಲಿ ನಾನು ಕೇಳಿದ ಕಾರಣಗಳು ಬೇರೆ, ಪ್ರತಿಯೊಂದಕ್ಕೂ ಬೇರೆ ಬೇರೆ ಔಷಧಿ ಬೇಕು.

ಹಸಿವು. ಇದು ಎಲ್ಲಕ್ಕಿಂತ ದೊಡ್ಡದು. ನಿಕೋಟಿನ್ ಹಸಿವನ್ನು ಕೊಲ್ಲುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಕೆಲಸಕ್ಕೆ ಹೋದ ಹುಡುಗ ಹತ್ತು ಗಂಟೆಗೆ ತುಟಿಯೊಳಗೆ ಒಂದು ಚೂರು ಇಟ್ಟುಕೊಂಡರೆ ಮಧ್ಯಾಹ್ನದ ತನಕ ಎಳೆಯುತ್ತಾನೆ. ಶಾಲೆಗೆ ಹೋಗುವ ಮಗುವಿಗೆ ಹಾಲು ಇದೆ, ಬಿಸಿಯೂಟ ಇದೆ. ಶಾಲೆ ಬಿಟ್ಟವನಿಗೆ ಅದೂ ಇಲ್ಲ. ಅದಕ್ಕೇ ಹೇಳುತ್ತೇನೆ, ಮಗ ಕೆಲಸಕ್ಕೆ ಹೊರಟರೆ ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ನಿನ್ನೆಯ ರೊಟ್ಟಿ ಆದರೂ ಸರಿ, ಒಂದು ಪೊಟ್ಟಣ ಮಂಡಕ್ಕಿ ಶೇಂಗಾ ಜೇಬಿಗೆ ಹಾಕಿ ಕಳಿಸಿ. ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ ಸಿಗುತ್ತದೆ, ಒಂದು ಪ್ಯಾಕೆಟ್ಟಿಗಿಂತ ಅಗ್ಗ. ಹುಡುಗರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು, ಕ್ಯಾಂಟೀನ್ ಅಂದರೆ ದೊಡ್ಡವರಿಗೆ ಅಂತ ಕೆಲವರು ಅಂದುಕೊಂಡಿರುತ್ತಾರೆ.

ಹಲ್ಲುನೋವು. ಹುಳುಕು ಹಲ್ಲಿಗೆ ಹೊಗೆಸೊಪ್ಪು ಒತ್ತುವುದು ನಮ್ಮಲ್ಲಿ ಹಳೆಯ ಮದ್ದು. ನೋವು ಸ್ವಲ್ಪ ಹೊತ್ತು ಮರಗಟ್ಟುತ್ತದೆ, ನಿಜ. ಹಲ್ಲು ಹಾಳಾಗುವುದು ನಿಲ್ಲಲ್ಲ, ಚಟ ಮಾತ್ರ ಶುರುವಾಗುತ್ತದೆ. ಹೊಗೆಸೊಪ್ಪಿನ ಪುಡಿಯಲ್ಲಿ ಹಲ್ಲು ಉಜ್ಜುವುದೂ ಹಾಗೇ, ಅದು ಹಲ್ಲುಪುಡಿ ಅಲ್ಲ, ತಂಬಾಕು. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಎಷ್ಟೋ ಊರಿನವರಿಗೆ ಈ ಅನುಕೂಲ ಇಲ್ಲ. ಕರೆದುಕೊಂಡು ಹೋಗಿ ಹಲ್ಲು ತೋರಿಸಿ.

ಬೆಳಿಗ್ಗೆ ಸಂಡಾಸ್ ಆಗಲ್ಲ, ಬೀಡಿ ಎಳೆದರೇನೇ ಆಗೋದು ಅನ್ನುವವರಿದ್ದಾರೆ. ದೊಡ್ಡವರು ಹೇಳಿದ್ದನ್ನು ಹುಡುಗರು ಕಲಿತಿದ್ದು. ಎದ್ದ ತಕ್ಷಣ ಎರಡು ಲೋಟ ನೀರು, ಬಾಳೆಹಣ್ಣು, ಸೊಪ್ಪು. ವಾರದಲ್ಲಿ ಸರಿಹೋಗುತ್ತದೆ.

ನಿದ್ದೆ. ರಾತ್ರಿ ಕೆಲಸ ಮಾಡುವ ಹುಡುಗರು, ಭಟ್ಟಿಯ ಹತ್ತಿರ ನಸುಕಿನಲ್ಲೇ ನಿಲ್ಲುವವರು, ಮದುವೆ ಸೀಸನ್ನಿನಲ್ಲಿ ಪಾತ್ರೆ ತೊಳೆಯುವವರು, ಇವರೆಲ್ಲ ಎಚ್ಚರ ಇರೋಕೆ ಅಂತ ಹಾಕಿಕೊಳ್ಳುತ್ತಾರೆ. ಇಲ್ಲಿ ನಾನು ಹುಡುಗನಿಗೆ ಏನೂ ಹೇಳಲ್ಲ, ಕೆಲಸ ಕೊಟ್ಟವರಿಗೆ ಹೇಳುತ್ತೇನೆ. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಅಪರಾಧ. ಅಂಥದ್ದು ಕಂಡರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ ಅದು. ಅದಕ್ಕಿಂತ ದೊಡ್ಡ ಹುಡುಗನಾದರೆ, ಕೆಲಸಕ್ಕೆ ಬಿಡುವ ಮೊದಲ ದಿನ ಅಪ್ಪನೋ ಅಮ್ಮನೋ ಜೊತೆಗೆ ಹೋಗಿ ಮೇಸ್ತ್ರಿಯನ್ನು ಕಾಣಬೇಕು. ಹೀಗೆ ಹೇಳಿ: "ಅಣ್ಣಾರೇ, ಹುಡುಗನ್ನ ನಿಮ್ಮ ಕೈಗೆ ಒಪ್ಪಿಸ್ತಿದೀನಿ. ಬೀಡಿ ಗುಟ್ಕಾ ತರೋಕೆ ಇವನ್ನ ಕಳಿಸಬೇಡಿ, ಇವನ ಕೈಗೆ ಕೊಡಬೇಡಿ." ಇಷ್ಟೇ. ನಾನು ನೋಡಿದ ಹಾಗೆ ಶಾಲೆ ಬಿಟ್ಟ ಹುಡುಗರಿಗೆ ಮೊದಲ ಪ್ಯಾಕೆಟ್ ಗೆಳೆಯರಿಗಿಂತ ಜಾಸ್ತಿ ಕೆಲಸದ ಜಾಗದಲ್ಲೇ ಸಿಗುತ್ತದೆ. ಕೊಡುವವರು ಕೆಟ್ಟವರೇನಲ್ಲ, ಪ್ರೀತಿಯಿಂದಲೇ ಕೊಡುತ್ತಾರೆ. ಮನೆಯವರು ಬಂದು ಮುಖ ನೋಡಿ ಕೇಳಿಕೊಂಡರೆ ಬಹಳ ಮೇಸ್ತ್ರಿಗಳು ಆ ಮಾತು ಉಳಿಸಿಕೊಳ್ಳುತ್ತಾರೆ.

ಎಸ್‌ಎಸ್‌ಎಲ್‌ಸಿ ಫೇಲಾದವನನ್ನು ಸುಮ್ನೆ ಮನೆಯಲ್ಲಿ ಬಿಡಬೇಡಿ. ಈಗ ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. ಫೇಲಾದ ರಿಸಲ್ಟ್ ಬಂದ ವಾರವೇ ಅವನು ಕಟ್ಟೆಯ ಮೇಲೆ ಕೂರಲು ಶುರು ಮಾಡುತ್ತಾನೆ, ಆ ವಾರವೇ ಮುಂದಿನ ಪರೀಕ್ಷೆಗೆ ಹೆಸರು ಕಟ್ಟಿಸಿ. ಸಂಜೆ ಐದರಿಂದ ಏಳರ ತನಕದ ಹೊತ್ತು ಖಾಲಿ ಇರಬಾರದು. ಅಪ್ಪ ಅಮ್ಮ ಇಬ್ಬರೂ ಕೆಲಸದಿಂದ ಇನ್ನೂ ಬಂದಿರಲ್ಲ, ಮನೆ ಸಣ್ಣದು, ಸೆಕೆ, ಹುಡುಗ ಹೊರಗೇ ಇರುತ್ತಾನೆ. ಒಂದು ಕ್ರಿಕೆಟ್ ಬ್ಯಾಟು, ಒಂದು ಕೇರಂ ಬೋರ್ಡು, ನೋಡಿಕೊಳ್ಳಲು ಒಬ್ಬ ದೊಡ್ಡವರು ಇದ್ದರೆ ಸಾಕು. ನಮ್ಮ ಟ್ಯೂಷನ್ ಶುರುವಾಗಿದ್ದೇ ಒಂದು ಹಳೆಯ ಕೇರಂ ಬೋರ್ಡಿನಿಂದ.

ಪ್ಯಾಕೆಟ್ಟಿನ ಗುರುತು ತಿಳಿದಿರಲಿ

ಅಮ್ಮಂದಿರು ಬೀಡಿ ವಾಸನೆ ಹುಡುಕುತ್ತಾರೆ, ಆದರೆ ಈಗಿನದ್ದಕ್ಕೆ ಆ ವಾಸನೆಯೇ ಇಲ್ಲ. ಕೂಲ್ ಲಿಪ್ ಅಂತ ಬರುತ್ತದೆ, ಸಣ್ಣ ಬಿಳಿ ಪೊಟ್ಟಣ, ತುಟಿ ಒಸಡಿನ ನಡುವೆ ಇಟ್ಟುಕೊಳ್ಳುವುದು. ಪುದೀನ ವಾಸನೆ ಬರುತ್ತದೆ, ಚ್ಯೂಯಿಂಗ್ ಗಮ್ ಅಂತಲೇ ಅಂದುಕೊಳ್ಳುತ್ತೀರಿ, ಅದರೊಳಗೆ ಇರುವುದು ತಂಬಾಕು. ಹಾನ್ಸ್ ಅಂದರೆ ನೇರ ಹೊಗೆಸೊಪ್ಪಿನ ಚೂರು. ಮಾವಾ ಅಂದರೆ ಅಡಿಕೆ, ಸುಣ್ಣ, ಹೊಗೆಸೊಪ್ಪು ಕಲಸಿ ತಿಕ್ಕಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿದ್ದು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದಲೇ ಬ್ಯಾನ್ ಇದೆ. ಆದರೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾಡಿ ಜೋಡಿಯಾಗಿ ಮಾರುತ್ತಾರೆ, ಎರಡನ್ನೂ ಕೈಯಲ್ಲಿ ಕಲಸಿದರೆ ಅದೇ ಗುಟ್ಕಾ ಆಯ್ತಲ್ವಾ. ವೇಪ್ ಅಂತ ಪೆನ್ನಿನ ಥರದ ಇ-ಸಿಗರೇಟು ಬರುತ್ತದೆ, ಅದನ್ನು ಮಾರುವುದು 2019ರಿಂದ ದೇಶದಲ್ಲೇ ಅಪರಾಧ.

ತಂಬಾಕು ಇಲ್ಲದ ಬರೀ ಅಡಿಕೆ ಪ್ಯಾಕೆಟ್ ಪರವಾಗಿಲ್ಲ ಅಂದುಕೊಳ್ಳಬೇಡಿ. ಚನ್ನಗಿರಿ ಕಡೆಯ ನಮ್ಮ ನೆಂಟರೂ ಅಡಿಕೆ ಬೆಳೆಯುತ್ತಾರೆ, ಬೆಳೆಗಾರರ ಕಷ್ಟ ನನಗೆ ಗೊತ್ತು, ತಾಂಬೂಲದ ಮರ್ಯಾದೆಯೂ ಗೊತ್ತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆ ಅಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ ಅಂತ ಹೇಳಿಯಾಗಿದೆ, ಮಕ್ಕಳ ಬಾಯಿಗೆ ಅದು ಬೇಡವೇ ಬೇಡ. ದಿನಾ ಅಡಿಕೆ ಅಗಿಯುವವರ ಕೆನ್ನೆಯ ಒಳಗಿನ ಚರ್ಮ ಗಟ್ಟಿಯಾಗುತ್ತಾ ಹೋಗಿ ಬಾಯಿ ತೆರೆಯಲು ಆಗದ ಸ್ಥಿತಿ ಬರುತ್ತದೆ. ಒಂದು ಸಲ ಗಟ್ಟಿಯಾದದ್ದು ಮೊದಲಿನ ಹಾಗೆ ಆಗಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಮಗು ಬಾಯಿ ಪೂರ್ತಿ ತೆರೆದು ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ನೆಟ್ಟಗೆ ಹಲ್ಲುಗಳ ನಡುವೆ ಇಡಲಿ. ಮೂರೂ ಹಿಡಿದರೆ ಸರಿ, ಎರಡೇ ಹಿಡಿದರೆ ಡೆಂಟಲ್ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ಗುರುತು ಖಾರ. ಮೊದಲು ಮಂಡಕ್ಕಿ ಜೊತೆ ಮೂರು ಮಿರ್ಚಿ ತಿನ್ನುತ್ತಿದ್ದ ಹುಡುಗ ಈಗ "ಬಾಯಿ ಉರಿ" ಅಂತ ಮಿರ್ಚಿ ಪಕ್ಕಕ್ಕೆ ಇಡುತ್ತಿದ್ದರೆ ಒಮ್ಮೆ ಬಾಯಿಯೊಳಗೆ ಬೆಳಕು ಬಿಟ್ಟು ನೋಡಿ. ಕೆಳತುಟಿಯ ಒಳಗೆ ಬಿಳಿ ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ತಡ ಮಾಡಬೇಡಿ. ದಾವಣಗೆರೆಯವರ ಮನೆಯಲ್ಲಿ ಮಿರ್ಚಿ ಬೇಡ ಅನ್ನುವ ಹುಡುಗ ಅಂದರೆ ಅಮ್ಮನಿಗೆ ಗೊತ್ತಾಗದೆ ಇರಲ್ಲ.

ಅಂಗಡಿಯವರ ಜೊತೆ ಮಾತು

ಕಾನೂನು ಗಟ್ಟಿಯಾಗಿದೆ. ಕರ್ನಾಟಕದಲ್ಲಿ 2025ರ ಮೇ ತಿಂಗಳ ಕೊನೆಗೆ ಬಂದ ತಿದ್ದುಪಡಿ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿ ಸಿಗರೇಟು ಒಂದೊಂದಾಗಿ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ಮೊದಲು 200 ಇದ್ದ ದಂಡ 1000 ರೂಪಾಯಿಗೆ ಏರಿದೆ. ಇದರ ಮೇಲೆ 2015ರ ಬಾಲನ್ಯಾಯ ಕಾಯ್ದೆ ಇದೆ, 18 ವರ್ಷದೊಳಗಿನ ಮಗುವಿಗೆ ತಂಬಾಕು ಕೊಟ್ಟರೆ ಏಳು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ.

ಆದರೆ ಮೊದಲೇ ಕಾನೂನು ಹಿಡಿದುಕೊಂಡು ಹೋಗಬೇಡಿ. ಗೂಡಂಗಡಿ ಇಟ್ಟವರೂ ನಮ್ಮ ಓಣಿಯವರೇ. ನಮ್ಮ ಕಡೆ ಅಂಗಡಿ ನಡೆಸುವವರು ಗಂಡ ತೀರಿಕೊಂಡ ಒಬ್ಬರು ಹೆಂಗಸು, ನಾವು ದೊಡ್ಡಮ್ಮ ಅಂತ ಕರೆಯುತ್ತೇವೆ. ನಾನು ಒಬ್ಬನೇ ಹೋಗಿ ಜೋರು ಮಾಡಿದಾಗ ಅವರು ಕಣ್ಣೀರು ಹಾಕಿದರು, ಓಣಿಯವರೆಲ್ಲ ನನ್ನನ್ನೇ ಬೈದರು. ನನ್ನದೇ ತಪ್ಪು. ಆಮೇಲೆ ನಾಲ್ಕು ಜನ ತಾಯಂದಿರು ಸೇರಿ ಹೋಗಿ ಕೂತು ಮಾತಾಡಿದರು. ಕೇಳಿದ್ದು ಮೂರೇ. ಮಕ್ಕಳು ಯಾರ ಹೆಸರು ಹೇಳಿದರೂ ಕೊಡಬೇಡಿ, ಆ ದೊಡ್ಡವರಿಗೇ ಬರಲು ಹೇಳಿ. ಪ್ಯಾಕೆಟ್ಟಿನ ಮಾಲೆ ಮುಂದೆ ತೂಗು ಹಾಕಬೇಡಿ. ಚಾಕಲೇಟ್ ಬಾಟಲಿಯ ಪಕ್ಕ ತಂಬಾಕು ಇಡಬೇಡಿ. ದೊಡ್ಡಮ್ಮ ಒಪ್ಪಿದರು. ಬದಲಿಗೆ ತಾಯಂದಿರು ಸಂಜೆಯ ಹಾಲು, ಬ್ರೆಡ್ಡು, ಮಂಡಕ್ಕಿ ಪೊಟ್ಟಣ ಅಲ್ಲೇ ತಗೊಳ್ಳಲು ಶುರು ಮಾಡಿದರು. ಅವರ ವ್ಯಾಪಾರಕ್ಕೆ ಏಟು ಬಿದ್ದಿದ್ದರೆ ಆ ಮಾತು ತಿಂಗಳೂ ನಿಲ್ಲುತ್ತಿರಲಿಲ್ಲ.

ಶಾಲೆಯ ಗೇಟಿನ ಎದುರೇ ರಾಜಾರೋಷವಾಗಿ ಮಾರುವವರು ಇದ್ದರೆ, ಮಾತು ಕೇಳದಿದ್ದರೆ, ಆಗ ಬರವಣಿಗೆಯಲ್ಲಿ ದೂರು ಕೊಡಿ. ಶಾಲೆಯ ಪಾಲಕರ ಸಮಿತಿ, ಅಂದರೆ ಎಸ್‌ಡಿಎಂಸಿ, ಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ, ಹೆಡ್‌ಮಾಸ್ಟರ್ ಸಹಿ ಹಾಕಿಸಿ, ಪೊಲೀಸ್ ಠಾಣೆಗೆ ಮತ್ತು ಜಿಲ್ಲಾ ಆರೋಗ್ಯ ಕಚೇರಿಯ ತಂಬಾಕು ನಿಯಂತ್ರಣ ಕೋಶಕ್ಕೆ ಒಂದೊಂದು ಪ್ರತಿ. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಒಬ್ಬರ ಹೆಸರಿನಲ್ಲಿ ಬೇಡ, ಹತ್ತು ಪಾಲಕರ ಸಹಿ ಇರಲಿ.

ಈಗಾಗಲೇ ಶುರು ಮಾಡಿದ್ದರೆ

ಹೊಡೆಯಬೇಡಿ. ಹೊಡೆತ ತಿಂದವನು ಬಿಡಲ್ಲ, ಮುಚ್ಚಿಡೋದನ್ನು ಕಲಿಯುತ್ತಾನೆ. ಜೇಬಿನಲ್ಲಿ ಪ್ಯಾಕೆಟ್ ಸಿಕ್ಕ ದಿನ ರಾತ್ರಿ ಏನೂ ಮಾತಾಡಬೇಡಿ, ನಿಮಗೂ ಸಿಟ್ಟಿರುತ್ತದೆ. ಮರುದಿನ ಊಟ ಆದ ಮೇಲೆ ಬೇರೆಯವರಿಲ್ಲದಾಗ ಮೂರು ಪ್ರಶ್ನೆ ಕೇಳಿ. ಯಾವಾಗಿಂದ, ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕು ಅನ್ನಿಸುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಬೇಕು ಅಂದರೆ ಚಟ ಗಟ್ಟಿಯಾಗಿದೆ ಅಂತ ಅರ್ಥ, ಅವನೊಬ್ಬನ ಕೈಯಲ್ಲಿ ಆಗಲ್ಲ, ಸಹಾಯ ಬೇಕು.

ಸಹಾಯ ಫೋನಿನಲ್ಲೇ ಇದೆ. 1800-11-2356. ಇದು ತಂಬಾಕು ಬಿಡಿಸುವ ಉಚಿತ ಸಹಾಯವಾಣಿ, ನಂಬರ್ ಪ್ಯಾಕೆಟ್ಟಿನ ಮೇಲೆಯೇ ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ. ಹುಡುಗನೇ ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ, ಕಿತ್ತುಕೊಂಡು ಮಾತಾಡಬೇಡಿ. ಜಿಲ್ಲಾಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಸಲಹಾ ಕೇಂದ್ರ ಇರುತ್ತದೆ, ನಮಗೆ ಹತ್ತಿರದ್ದು ಚಿಗಟೇರಿ ಆಸ್ಪತ್ರೆ. ನಿಕೋಟಿನ್ ಚ್ಯೂಯಿಂಗ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಆದರೆ 18 ವರ್ಷದೊಳಗಿನವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಬಿಟ್ಟ ಮೊದಲ ಮೂರು ದಿನ ಕಷ್ಟ. ತಲೆನೋವು, ಸಿಟ್ಟು, ನಿದ್ದೆ ಬಾರದಿರುವುದು, ಸಿಕ್ಕಾಪಟ್ಟೆ ಹಸಿವು. ಮನೆಯವರಿಗೆ ಇದು ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಎರಡನೇ ದಿನ ಅವನು ರೇಗಿದಾಗ "ಇದಕ್ಕಿಂತ ಹಾಕ್ಕೊಂಡಿದ್ದೇ ವಾಸಿ" ಅಂದುಬಿಡುತ್ತಾರೆ, ನಾನು ಕಿವಿಯಾರೆ ಕೇಳಿದ್ದೇನೆ. ಎರಡರಿಂದ ನಾಲ್ಕು ವಾರದಲ್ಲಿ ಕಡಿಮೆಯಾಗುತ್ತಾ ಬರುತ್ತದೆ. ಬೇಕು ಬೇಕು ಅನ್ನುವ ಆಸೆ ಬಂದಾಗ ಅದು ಐದು ನಿಮಿಷದಷ್ಟು ಇರುತ್ತದೆ, ಆಮೇಲೆ ಇಳಿಯುತ್ತದೆ. ಆ ಐದು ನಿಮಿಷ ದಾಟಿಸಬೇಕು. ನೀರು ಕುಡಿಯಲಿ, ಹುರಿಗಡಲೆ ಅಥವಾ ಸೋಂಪು ಬಾಯಿಗೆ ಹಾಕಿಕೊಳ್ಳಲಿ, ಅಡಿಕೆ ಮಾತ್ರ ಬೇಡ. ನಮ್ಮ ಒಬ್ಬ ಹುಡುಗ ಆಸೆ ಬಂದಾಗಲೆಲ್ಲ ಎದ್ದು ಹೋಗಿ ಬೋರ್‌ವೆಲ್ ಹತ್ತಿರ ಮುಖ ತೊಳೆದುಕೊಂಡು ಬರುತ್ತಿದ್ದ, ಒಂದು ದಿನ ಹನ್ನೊಂದು ಸಲ ಹೋಗಿದ್ದ.

ಅಪ್ಪನೂ ಸೇದುತ್ತಿದ್ದರೆ ಏನು ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ಅಪ್ಪ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಆದರೆ ಅಪ್ಪ ಬಿಡುವ ತನಕ ಕಾಯಬೇಡಿ. ಮನೆಯೊಳಗೆ ಬೇಡ, ಮಗನ ಎದುರು ಬೇಡ. ಮತ್ತೆ ಮಗನ ಹತ್ತಿರ ನಿಜ ಹೇಳಿ. ಎಪಿಎಂಸಿಯಲ್ಲಿ ಹಮಾಲಿ ಮಾಡುವ ಒಬ್ಬರು ಮಗನನ್ನು ಎದುರು ಕೂರಿಸಿಕೊಂಡು, "ನಾನು ಮೂರು ಸಲ ಬಿಡೋಕ್ ಹೋಗಿ ಸೋತೀನಪ್ಪಾ, ಇದು ನನ್ನ ಹಿಡ್ಕೊಂಡೈತಿ, ನಿನಗೆ ಬ್ಯಾಡ" ಅಂದರು. ನಾನು ಎರಡು ವರ್ಷ ತೋರಿಸಿದ ಫೋಟೋಗಳು ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು.

ಕೊನೆಗೆ ಕ್ಯಾಲೆಂಡರ್. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಂಬಾಕು ಮುಟ್ಟದ ದಿನಕ್ಕೆ ಹುಡುಗನೇ ಒಂದು ಗುರುತು ಹಾಕಲಿ. ಬೋರ್‌ವೆಲ್ ಹತ್ತಿರ ಮುಖ ತೊಳೆಯುತ್ತಿದ್ದ ಆ ಹುಡುಗ 19 ದಿನ ಗುರುತು ಹಾಕಿದ್ದ, ದುಗ್ಗಮ್ಮನ ಜಾತ್ರೆಯ ರಾತ್ರಿ ಗೆಳೆಯರ ಜೊತೆ ಮತ್ತೆ ಹಾಕಿಕೊಂಡ. ಮರುದಿನ ಟ್ಯೂಷನ್ನಿಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟ. "ಎಲ್ಲಾ ಹೋಯ್ತಣ್ಣಾ" ಅಂದ. ಆ 19 ಗುರುತನ್ನು ಅಳಿಸೋಕೆ ನಾನು ಬಿಡಲಿಲ್ಲ. ಜಾತ್ರೆಯ ದಿನವನ್ನು ಖಾಲಿ ಬಿಟ್ಟು ಅದರ ಮುಂದಿನ ಮನೆಗೆ 20 ಅಂತ ಬರೆಸಿದೆ, ಯಾರ ಜೊತೆ ಹೋಗಿದ್ದೆ, ಎಷ್ಟು ಹೊತ್ತಿಗೆ ಹಾಕಿಕೊಂಡೆ ಅಂತ ಕೇಳಿ ಖಾಲಿ ಮನೆಯ ಕೆಳಗೆ ಸಣ್ಣದಾಗಿ ಬರೆದುಕೊಂಡೆವು. ಮುಂದಿನ ಸಲ ಮಾರಿಕಾಂಬೆಯ ಹಬ್ಬಕ್ಕೆ ಊರಿಗೆ ಹೋಗುವ ಮೊದಲು ಖಾಲಿ ಮನೆಯ ಕೆಳಗೆ ಬರೆದದ್ದನ್ನು ಓದಿಕೊಂಡು, ರಾತ್ರಿ ಹತ್ತರ ಒಳಗೆ ಮಾವನ ಮನೆಗೆ ವಾಪಸ್ ಬರುತ್ತೇನೆ ಅಂತ ಅವನೇ ಹೇಳಿ ಹೋದ.